ಸವಕಳಿ ಲೆಕ್ಕ: ಡೆಟ್ರಾಯಿಟ್‌ನಿಂದ ಗಂಗಾವತಿಗೆ

 

'ಅಮೆರಿಕ ಮುಳುಗ್ತು, ಯುರೋಪು ಮುಗೀತು' ಅನ್ನೋ ರೀಲ್ಸ್ ನೀವೂ ನೋಡಿರ್ತೀರಿ. ಕೆಲವರು ಖುಷಿಯಿಂದ ಫಾರ್ವರ್ಡ್ ಮಾಡ್ತಾರ. ಅದಕ್ಕೂ ಮೊದಲು ಒಂದು ಊರಿನ ಲೆಕ್ಕ ನೋಡೋಣ.

ಅಮೆರಿಕದ ಡೆಟ್ರಾಯಿಟ್, ಕಾರು ತಯಾರಿಸೋ ಊರು. 1950ರಲ್ಲಿ ಅಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಇದ್ರು. 2020ರ ಜನಗಣತಿ ಹೊತ್ತಿಗೆ ಉಳಿದವರು ಸುಮಾರು 6.4 ಲಕ್ಷ. ಕಾರ್ಖಾನೆಗಳು ಬೇರೆ ಕಡೆ ಹೋದವು. ದುಡ್ಡಿದ್ದವರು, ಅದರಲ್ಲೂ ಬಿಳಿಯರು, ಊರ ಹೊರಗಿನ ಬಡಾವಣೆಗಳಿಗೆ ಹೋದ್ರು. ತೆರಿಗೆ ಕಟ್ಟೋರು ಕಡಿಮೆಯಾದ್ರು. ರಸ್ತೆ, ಪೈಪು, ಪಿಂಚಣಿ ಖರ್ಚು ಮಾತ್ರ ಅಷ್ಟೇ ಇತ್ತು. ನಗರಾಡಳಿತ ಸಾಲ ಮಾಡ್ತು, ರಿಪೇರಿ ಮುಂದೂಡ್ತು. 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಸಾಲ ಹೊತ್ತು ದಿವಾಳಿ ಅರ್ಜಿ ಹಾಕ್ತು. ಆಗ ಊರಿನ ಬೀದಿದೀಪಗಳಲ್ಲಿ ಸುಮಾರು 40 ಪರ್ಸೆಂಟ್ ಉರೀತಿರಲಿಲ್ಲ.

ಬಿ.ಕಾಂ.ನಲ್ಲಿ ನಮಗ 'ಸವಕಳಿ' ಅಂತ ಕಲಿಸ್ತಾರ. ಯಂತ್ರ ಓಡ್ತಿರುವಾಗಲೇ ಸವೀತಿರ್ತೈತಿ, ಅದಕ್ಕ ಪ್ರತಿ ವರ್ಷ ಒಂದಿಷ್ಟು ತೆಗೆದಿಡಬೇಕು. ಊರಿಗೂ ಇದೇ ಲೆಕ್ಕ.

ನಮ್ಮ ಗಂಗಾವತಿ ನೋಡ್ರಿ. ರೈಸ್ ಮಿಲ್, ಹಮಾಲರು, ಲಾರಿ, ಗೊಬ್ಬರದ ಅಂಗಡಿ, ಎಲ್ಲಾ ನಿಂತಿರೋದು ಭತ್ತದ ಮ್ಯಾಲೆ. ಭತ್ತ ನಿಂತಿರೋದು ತುಂಗಭದ್ರಾ ಡ್ಯಾಮಿನ ಮ್ಯಾಲೆ. ಆ ಡ್ಯಾಮಿಗೆ ಎಪ್ಪತ್ತು ವರ್ಷ ದಾಟೈತಿ. 133 ಟಿಎಂಸಿ ಹಿಡೀತಿದ್ದದ್ದು ಹೂಳು ತುಂಬಿ ಸುಮಾರು 105ಕ್ಕ ಇಳಿದೈತಿ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋತು. 33 ಗೇಟುಗಳಲ್ಲಿ ಒಂದೇ ಒಂದು ಹೋಗಿದ್ದಕ್ಕ ಕಾಲುವೆ ನಂಬಿದವರೆಲ್ಲ ನಿದ್ದೆಗೆಟ್ರು.

ಯಲಬುರ್ಗಾ, ಕುಷ್ಟಗಿ ಕಡೆ ಹೆಚ್ಚಿನ ಹೊಲ ಮಳೆ ನಂಬ್ಯಾವು. ಮಳೆ ಕೈಕೊಟ್ರ ಮನಿಗೆ ಬೀಗ, ಬೆಂಗಳೂರಿಗೋ ಮಂಗಳೂರಿಗೋ ಗುಳೆ. ಡೆಟ್ರಾಯಿಟ್ ಬಿಟ್ಟವರು ದುಡ್ಡಿದ್ದವರು, ಇಲ್ಲಿ ಬಿಡೋರು ಇಲ್ಲದವರು. ಆದ್ರೂ ಊರು ಕಳಕೊಳ್ಳೋದು ದುಡಿಯೋ ಕೈಗಳನ್ನೇ.

ಡೆಟ್ರಾಯಿಟ್ ಹಾಗೇ ಬಿದ್ದಿಲ್ಲ. 2016ರ ಕೊನೆಗೆ ಸುಮಾರು 65,000 ಹೊಸ ಎಲ್‌ಇಡಿ ಬೀದಿದೀಪ ಹಾಕಿ ಮುಗಿಸಿದ್ರು.

ಮುಂದಿನ ಗ್ರಾಮಸಭೆಗೆ ಹೋದಾಗ ಹೊಸ ಕಮಾನು, ಹೊಸ ಭವನ ಕೇಳೋಕೂ ಮೊದಲು ಒಂದು ಪ್ರಶ್ನೆ ಕೇಳ್ರಿ: ಇದ್ದ ಕೆರೆ, ಪೈಪು, ಶಾಲೆ ರಿಪೇರಿಗೆ ಈ ವರ್ಷ ಎಷ್ಟು ರೊಕ್ಕ ಇಟ್ಟೀರಿ? ಸಿಕ್ಕ ಉತ್ತರ ನನಗೆ ವಾಯ್ಸ್ ನೋಟ್ ಕಳಸ್ರಿ, ಮುಂದಿನ ಎಪಿಸೋಡ್‌ನಲ್ಲಿ ಮಾತಾಡೋಣ.