ಇಡೀ ಮನೆಯನ್ನು ಬಲ್ಲ ಡಾಕ್ಟರು



‘ನೀನು ಯಾವ ಸ್ಪೆಷಲಿಸ್ಟಪ್ಪಾ?’ ಎಂದು ಊರಿನವರು ಕೇಳುತ್ತಾರೆ. ಫ್ಯಾಮಿಲಿ ಮೆಡಿಸಿನ್ ಎಂದರೆ, ‘ಹಾಗಾದರೆ ಬರೀ ಎಂಬಿಬಿಎಸ್ಸಾ?’ ಎನ್ನುತ್ತಾರೆ. ಹಾಗಲ್ಲ. ಅಮೆರಿಕದಲ್ಲಿ 1969ರಿಂದಲೇ ಇದು ಪ್ರತ್ಯೇಕ ತಜ್ಞ ವಿಭಾಗ. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದರಲ್ಲಿ ನಾನು ಪಡೆದದ್ದು 3 ವರ್ಷಗಳ ತರಬೇತಿ. ಹೆರಿಗೆ ವಾರ್ಡು, ಮಕ್ಕಳ ವಿಭಾಗ, ತುರ್ತು ಚಿಕಿತ್ಸೆ, ಐಸಿಯು ಎಲ್ಲ ಕಡೆಯೂ ಸರದಿಯಂತೆ ದುಡಿಯಬೇಕು. ವಾರಕ್ಕೆ ಸರಾಸರಿ 80 ಗಂಟೆ ಮೀರಬಾರದೆಂಬುದು ಅಲ್ಲಿನ ನಿಯಮ, ಮಿತಿಯೇ ಅಷ್ಟು!

ಯಾವ ವಾರ್ಡಿನಲ್ಲಿದ್ದರೂ ನಮ್ಮ ರೋಗಿಗಳನ್ನು ನೋಡಲು ಕ್ಲಿನಿಕ್ಕಿಗೆ ಬರಲೇಬೇಕು. ಮೂರು ವರ್ಷವೂ ಅವೇ ಕುಟುಂಬಗಳು. ನಾನು ಹೆರಿಗೆ ಮಾಡಿಸಿದ ಮಗುವನ್ನು ಮುಂದೆ ನಾನೇ ನೋಡಿದೆ. ಅದರ ಅಜ್ಜಿಯ ಸಕ್ಕರೆ ಕಾಯಿಲೆಯನ್ನೂ ನೋಡಿಕೊಂಡೆ. ಅಜ್ಜಿ ಮಾತ್ರೆ ಬಿಟ್ಟದ್ದು ಮರೆವಿನಿಂದಲ್ಲ, ಹಣವಿಲ್ಲದೆ. ಇದು ಯಾವ ರಕ್ತಪರೀಕ್ಷೆಯಲ್ಲೂ ಕಾಣಲಿಲ್ಲ. ಮೂರನೆಯ ಭೇಟಿಯಲ್ಲಿ ಆಕೆಯೇ ಹೇಳಿದರು.

ನಮ್ಮೂರಲ್ಲಿ ಮೊಣಕಾಲಿಗೊಬ್ಬರು, ಎದೆಗೊಬ್ಬರು ಎಂದು ಡಾಕ್ಟರನ್ನು ಹುಡುಕಿ ಬಸ್ಸು ಹತ್ತುವ ಹಿರಿಯರಿದ್ದಾರೆ. ಅವರ ಚೀಟಿಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದುವವರೊಬ್ಬರು ಬೇಕು. ನಮ್ಮ ದೇಶದಲ್ಲೂ ಎಂಬಿಬಿಎಸ್ ನಂತರ ಇದೇ ವಿಷಯದಲ್ಲಿ 3 ವರ್ಷಗಳ ಡಿಎನ್‌ಬಿ ಇದೆ. ಈ ಶಾಲೆಯ ಮಕ್ಕಳಲ್ಲಿ ಒಬ್ಬರಾದರೂ ಆ ದಾರಿ ಹಿಡಿಯಲಿ.