ದೊಡ್ಡ ಬೈಕಿನ ಮೊದಲ ದಿನಗಳು

ಹೋಂಡಾ ಗೋಲ್ಡ್ ವಿಂಗ್‌ನಂಥ ದೂರಪ್ರಯಾಣದ ಬೈಕಿನ ತೂಕ 350 ಕಿಲೋ ಮೀರುತ್ತದೆ. ಎಂಜಿನ್ 1833 ಸಿಸಿ. ಹೆದ್ದಾರಿಯ ಓಟದಲ್ಲಿ ಈ ಭಾರ ಅರಿವಿಗೇ ಬರುವುದಿಲ್ಲ. ಅದು ಕಾಡುವುದು ನಿಲ್ಲಿಸುವಾಗ, ತಿರುಗಿಸುವಾಗ, ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ. ಹ್ಯಾಂಡಲ್ ಒಂದು ಕಡೆಗೆ ತಿರುಗಿರುವಾಗ ಮುಂದಿನ ಬ್ರೇಕ್ ಬಿಗಿಹಿಡಿದರೆ ಬೈಕು ಥಟ್ಟನೆ ವಾಲುತ್ತದೆ. ನಿಧಾನಗತಿಯಲ್ಲಿ ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಬೇಕು. ಕ್ಲಚ್ ಇರುವ ಮಾದರಿಯಾದರೆ ಅದನ್ನು ಅರ್ಧ ಹಿಡಿದಿರಬೇಕು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ದಿಕ್ಕಿನಲ್ಲಿರಬೇಕು. ಇದನ್ನು ಖಾಲಿ ಮೈದಾನದಲ್ಲಿ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ, ಕೈಗೆ ಹತ್ತುವವರೆಗೂ ಅಭ್ಯಾಸ ಮಾಡುವುದು ಒಳ್ಳೆಯದು.

ವಾಲಿ ಕೈಮೀರಿದ ಬೈಕನ್ನು ಕಾಲೊಡ್ಡಿ ತಡೆಯುವ ಹಟ ಖಂಡಿತ ಬೇಡ. ಗೀರು ಬಿದ್ದ ಬಣ್ಣವನ್ನು ಸರಿಪಡಿಸಬಹುದು, ಮುರಿದ ಕಾಲು ತಿಂಗಳುಗಟ್ಟಲೆ ಕಾಡುತ್ತದೆ. ಬಿದ್ದದ್ದನ್ನು ಎತ್ತಲು ಮೊದಲು ಎಂಜಿನ್ ಆಫ್ ಮಾಡಿ, ಸೀಟಿಗೆ ಬೆನ್ನು ಕೊಟ್ಟು, ಮಂಡಿ ಮಡಚಿ, ತೊಡೆಯ ಬಲದಿಂದ ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ಒತ್ತಬೇಕು.

ಹೊಸ ಟೈರು ಮೊದಲ ಸುಮಾರು 150 ಕಿಲೋಮೀಟರ್ ಜಾರುವ ಸ್ವಭಾವದ್ದು. ಗಾಳಿಯ ಒತ್ತಡವನ್ನು ಬೆಳಗ್ಗೆ, ಟೈರು ತಣ್ಣಗಿರುವಾಗಲೇ ನೋಡಬೇಕು. ಭಾರದ ಸಾಮಾನು ಪೆಟ್ಟಿಗೆಗಳ ತಳದಲ್ಲಿ, ಎರಡೂ ಬದಿಗೆ ಸಮನಾಗಿರಲಿ.