ಜೀಪಿನ ಹೊಟ್ಟೆಯಡಿಯ ಸಣ್ಣ ಪೈಪು

ಮಕ್ಕಳೇ, ಮಾಂದಲಪಟ್ಟಿಯ ಕಲ್ಲುದಾರಿಯಲ್ಲಿ ಜೀಪುಗಳು ಇಳಿಯುವುದನ್ನು ನೀವು ನೋಡಿರಬಹುದು. ಅವಕ್ಕಿಂತ ಹಳೆಯ ವಿಲ್ಲೀಸ್ ಜೀಪುಗಳನ್ನು ಜೋಪಾನ ಮಾಡಿಕೊಂಡು ಬಂದ ಮನೆಗಳೂ ಕೊಡಗಿನಲ್ಲಿವೆ. ಎರಡನೇ ಮಹಾಯುದ್ಧದ ಕಾಲದ ಆ ಗಾಡಿಯ ತೂಕ ಸುಮಾರು 1,100 ಕಿಲೋ. ಇಳಿಜಾರಿನಲ್ಲಿ ಅದನ್ನು ಒಂದೇ ಕಾಲು ಹಿಡಿದು ನಿಲ್ಲಿಸುತ್ತದಲ್ಲ, ಹೇಗೆ?

ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು ತನ್ನಿ, ಒಂದು ಸಣ್ಣದು, ಒಂದು ದೊಡ್ಡದು. ನೀರು ತುಂಬಿದ ತೆಳು ಕೊಳವೆಯಿಂದ ಎರಡನ್ನೂ ಜೋಡಿಸಿ. ಸಣ್ಣದನ್ನು ಒತ್ತಿದರೆ ದೊಡ್ಡದರ ದಂಡ ಏಳುತ್ತದೆ. ಅದನ್ನು ಗೆಳೆಯ ಅದುಮಿ ಹಿಡಿಯಲಿ. ನಿಮ್ಮ ಒಂದು ಬೆರಳಿಗೆ ಅವನ ಕೈ ಸೋಲುತ್ತದೆ! ಮುಚ್ಚಿದ ಜಾಗದ ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ; ಅಗಲ ಹೆಚ್ಚಿದ್ದಲ್ಲಿ ಬಲವೂ ಹೆಚ್ಚು. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಕಂಡುಕೊಂಡ ನಿಯಮ ಇದು. ಈಗ ಕೊಳವೆಯನ್ನು ಹೇಗೆ ಬೇಕಾದರೂ ಬಾಗಿಸಿ. ಒತ್ತಡಕ್ಕೆ ತಿರುವುಗಳ ಲೆಕ್ಕವೇ ಇಲ್ಲ.

ಜೀಪಿನ ಬ್ರೇಕ್ ಪೆಡಲ್ ತುಳಿದಾಗಲೂ ಒತ್ತಡ ಹೀಗೆಯೇ ಪೈಪಿನ ದ್ರವದ ಮೂಲಕ ಚಕ್ರಗಳನ್ನು ತಲುಪುತ್ತದೆ. ಆದ್ದರಿಂದಲೇ ಜೀಪು ಮಾಡಿದವರು ಬ್ರೇಕ್ ಪೈಪನ್ನು ಕಲ್ಲು ತಾಗದ ಮೂಲೆಗಳಲ್ಲಿ, ಗಾಡಿಯ ಚೌಕಟ್ಟಾದ ಚಾಸಿಯ ಒಳಮಗ್ಗುಲಲ್ಲಿ ಬಳುಕಿಸಿ ಒಯ್ದರು. ಪೆನ್ಸಿಲಿಗಿಂತ ತೆಳುವಾದ ಉಕ್ಕಿನ ಪೈಪು, ಅದರ ತುಂಬ ಬ್ರೇಕ್ ಆಯಿಲ್. ಕಲ್ಲೇನೋ ತಾಗಲಿಲ್ಲ, ಆದರೆ ಮುಂಗಾರಿನ ಕೆಸರು ಆ ಮೂಲೆಗಳಲ್ಲೇ ಕೂತುಬಿಡುತ್ತದೆ. ನೀರು, ಗಾಳಿಯ ಆಮ್ಲಜನಕ, ಕಬ್ಬಿಣ ಮೂರೂ ಸೇರಿದರೆ ತುಕ್ಕು. ಕಣ್ಣಿಗೆ ಬೀಳದ ಜಾಗವೇ ಮೊದಲು ಸವೆಯುತ್ತದೆ. ಹಳೆಯ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಜಾಲ; ಎಲ್ಲೋ ಒಂದು ತೂತು ಬಿದ್ದರೆ ಕಾಲಡಿಯ ಬ್ರೇಕ್ ಪೂರ್ತಿ ಹೋದಂತೆಯೇ. ಈಗಿನ ಕಾರುಗಳಲ್ಲಿ ಎರಡು ಜಾಲಗಳಿರುವುದು ಇದೇ ಭಯಕ್ಕೆ.

ಪೈಪು ಬದಲಿಸುವುದು ತಾಳ್ಮೆಯ ಕೆಲಸ. ಮೆಕ್ಯಾನಿಕ್ ಹಳೆಯ ಪೈಪನ್ನು ಆದಷ್ಟು ಇಡಿಯಾಗಿ ಬಿಚ್ಚುತ್ತಾರೆ, ಏಕೆಂದರೆ ಹೊಸದಕ್ಕೆ ಅದೇ ಅಚ್ಚು. ಕೈ ಹೋಗದ ಕಡೆ ತಂತಿಯನ್ನು ತೂರಿಸಿ, ಬಾಗಿಸಿ, ದಾರಿಯ ಆಕಾರ ತೆಗೆದುಕೊಳ್ಳುತ್ತಾರೆ. ತಾಮ್ರಕ್ಕೆ ನೂರರಲ್ಲಿ ಹತ್ತರಷ್ಟು ನಿಕ್ಕಲ್ ಬೆರೆಸಿದ ಪೈಪು ಸಿಕ್ಕರೆ ನನಗೆ ಅದೇ ಇಷ್ಟ: ಕೈಗೆ ಬಗ್ಗುತ್ತದೆ, ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ.

ಆಮೇಲೆ ಗಾಳಿ ತೆಗೆಯಬೇಕು. ನಿಮ್ಮ ಸಿರಿಂಜಿನ ನೀರಿನಲ್ಲಿ ಒಂದು ಗುಳ್ಳೆ ಬಿಟ್ಟು ನೋಡಿ. ಗಾಳಿ ಕುಗ್ಗುತ್ತದೆ, ಒತ್ತಿದ್ದೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಜೀಪಿನಲ್ಲೂ ಹಾಗೆಯೇ. ಒಬ್ಬರು ಪೆಡಲ್ ತುಳಿಯುತ್ತಾರೆ, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ ಗುಳ್ಳೆಗಳನ್ನು ಹೊರಬಿಡುತ್ತಾರೆ. ಪೆಡಲ್ ಮೇಲೆತ್ತುವ ಮೊದಲೇ ನಿಪ್ಪಲ್ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಮತ್ತೆ ಒಳಗೆ ಬರುತ್ತದೆ.

ಆಯಿಲೂ ಹೊಸದೇ ಬೇಕು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ಬಗೆಯದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್ ಆಗುವವರೆಗಾದರೂ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಸಂಪಾಜೆ ಘಾಟಿಯ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಬಳಿ ಆಯಿಲ್ ಕುದಿದು ಆವಿಯ ಗುಳ್ಳೆ ಏಳಬಹುದು. ಅದಕ್ಕೇ ಅನುಭವಿ ಚಾಲಕರು ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಅರ್ಧ ಭಾರವನ್ನು ಎಂಜಿನ್ನಿಗೇ ಹೊರಿಸುತ್ತಾರೆ.